ಮುಚ್ಚಳ ತೆರೆದು ನೋಡಿರಿ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಮುದ್ರಿತವಾಗಿದ್ದರೆ ಆ ವಿದ್ಯುತ್ ಕೆಟಲಿನಲ್ಲಿ ಕುದಿಯುವ ನೀರು ಸ್ಟೀಲನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದು ನಂಬುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಆ ನಂಬಿಕೆಯ ಫಲವಾಗಿ ನನ್ನ ಮನೆಯಲ್ಲಿ ಒಂದು ರಾತ್ರಿ ಸಂಭವಿಸಲಿದ್ದ ಅನಾಹುತ ಮತ್ತೊಬ್ಬರ ಮನೆಯಲ್ಲಿ ಸಂಭವಿಸದಿರಲೆಂಬ ಉದ್ದೇಶದಿಂದಲೇ ಇದನ್ನು ಬರೆಯುತ್ತಿದ್ದೇನೆ. ಆ ವಸ್ತು ಮನೆಯ ಹೊಸ್ತಿಲು ದಾಟಿದ ದಿನವೇ ನಾನು ಆಕ್ಷೇಪಿಸಿದ್ದೆನೆಂಬುದನ್ನೂ, ಆಕ್ಷೇಪವನ್ನು ಕೇಳಿದವರು ನಕ್ಕುಬಿಟ್ಟರೆಂಬುದನ್ನೂ ಮೊದಲಿಗೇ ಹೇಳಿಬಿಡುವುದು ಉಚಿತ.

ಹಿರೋಳ್ಳಿ ಆಳಂದ ತಾಲ್ಲೂಕಿನ ಗಡಿಯ ಊರು. ಬೀಗರು ಅಕ್ಕಲಕೋಟೆಯ ಕಡೆಯಿಂದ, ಸಾಮಾನು ಸೊಲ್ಲಾಪುರದಿಂದ ಬರುವ ನೆಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಚಹಾ ಕೊಡದೆ ಕಳಿಸುವುದು ಇಲ್ಲಿ ಮರ್ಯಾದೆಯಲ್ಲ. ಆದರೆ ಕೆಟಲು ನಮ್ಮ ಮನೆಗೆ ಬಂದದ್ದು ಚಹಾದ ನಿಮಿತ್ತವಾಗಿ ಅಲ್ಲ. ನನ್ನ ತಾಯಿಗೆ ರಾತ್ರಿಯ ಕೆಮ್ಮು. ಆಗಾಗ ಬಿಸಿನೀರು ಗುಟುಕರಿಸಬೇಕೆಂದು ವೈದ್ಯರ ಸಲಹೆ. ದೃಷ್ಟಿ ಮಂದವಾದ ವೃದ್ಧೆ ನಡುರಾತ್ರಿ ಗ್ಯಾಸಿನ ಒಲೆ ಹೊತ್ತಿಸುವುದು ಅಪಾಯ. ಮಲಗಿದ ಸೊಸೆಯನ್ನೋ ಮಗನನ್ನೋ ಎಬ್ಬಿಸುವ ಸ್ವಭಾವ ಆಕೆಯದಲ್ಲ. ಇದನ್ನೆಲ್ಲ ಬಲ್ಲ ನನ್ನ ಭಾವಮೈದುನ, ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಬಂದವನು, ಒಂದು ಕೆಟಲನ್ನು ತಂದು ತಾಯಿಯ ಮಂಚದ ಪಕ್ಕದ ಮೇಜಿನ ಮೇಲಿಟ್ಟು, ಗುಂಡಿಯೊತ್ತಿ ತೋರಿಸಿ, ಎಲ್ಲರ ಮೆಚ್ಚುಗೆಯನ್ನು ಪಡೆದನು.

ನಾನು ಮುಚ್ಚಳ ತೆರೆದು ಒಳಗೆ ಬೆಳಕು ಬಿಟ್ಟು ನೋಡಿದೆ. ತಳವೂ ಪಕ್ಕಗಳೂ ಸ್ಟೀಲೇ. ಆದರೆ ಮುಚ್ಚಳದ ಕೆಳಮೈ ಕಪ್ಪು ಪ್ಲಾಸ್ಟಿಕ್. ಬಾಯಿಯ ಸುತ್ತಣ ಪಟ್ಟಿ ಪ್ಲಾಸ್ಟಿಕ್. ಸುರಿಯುವ ಮೂತಿಯ ಜಾಲರಿ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂಡಿಸಿದ್ದು. ನೀರಿನ ಮಟ್ಟ ಕಾಣಲೆಂದು ಪಕ್ಕದಲ್ಲಿ ಸೀಳಿ ಅಂಟಿಸಿದ ಪಾರದರ್ಶಕ ಪಟ್ಟಿಯೂ ಅದೇ. ನೀರು ಕುದಿದಾಗ ಏಳುವ ಉಗಿಯೆಲ್ಲ ಮೊದಲು ಬಡಿಯುವುದು ಮುಚ್ಚಳದ ಕೆಳಮೈಗೆ. ಅಲ್ಲಿ ಹನಿಗೂಡಿ ಮತ್ತೆ ನೀರಿಗೇ ಬೀಳುತ್ತದೆ. ಎಂದರೆ ತಾಯಿ ಕುಡಿಯುವ ಪ್ರತಿಯೊಂದು ಲೋಟವೂ ಕಾದ ಪ್ಲಾಸ್ಟಿಕನ್ನು ತೊಳೆದ ನೀರನ್ನು ಒಳಗೊಂಡದ್ದು. ಇದನ್ನು ಹೇಳಿದಾಗ ಭಾವಮೈದುನ, “ಮಾಮಾ, ನೀವು ಸುಮ್ನ ಚಿಂತಿ ಮಾಡ್ಲಾಕತ್ತೀರಿ, ಊರೆಲ್ಲಾ ಇದ್ರಾಗೇ ಕುಡೀತದ” ಎಂದನು. ತಾಯಿ ಮಾತ್ರ ಎರಡು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟು, “ತಮ್ಮಾ, ಈ ನೀರು ನಾತ ಹೊಡಿಲಾಕತ್ತದ” ಎಂದರು. ಎಂಬತ್ತು ದಾಟಿದ ನಾಲಗೆ ಅದು. ನಾನು ಅದನ್ನು ನಂಬಿದೆ.

ನಮ್ಮ ಹಿರಿಯರಿಗೆ ಪಾತ್ರೆಯ ಒಳಮೈ ಎಂಬುದು ಒಂದು ಪ್ರತ್ಯೇಕ ವಿಚಾರವಾಗಿತ್ತು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಇಲ್ಲದೆ ಹುಳಿಯನ್ನು ಹಾಕುತ್ತಿರಲಿಲ್ಲ. ಕಲಾಯಿಯವನು ಊರಿಗೆ ಬಂದು ತಿದಿಯೊತ್ತಿ, ನವಸಾಗರ ಎರಚಿ, ತವರವನ್ನು ಅರಿವೆಯಿಂದ ಸವರುವಾಗ ಮನೆಯ ಹೆಂಗಸರು ಪಕ್ಕದಲ್ಲಿ ನಿಂತು, ಒಳಗೆ ಎಲ್ಲಿಯೂ ಹಳದಿ ಉಳಿಯದಂತೆ ಮತ್ತೊಮ್ಮೆ ಸವರಿಸುತ್ತಿದ್ದರು. ಹೊರಮೈ ಮಸಿ ಹಿಡಿದಿದ್ದರೂ ಯಾರೂ ಗಮನಿಸುತ್ತಿರಲಿಲ್ಲ. ಈಗ ಹೊರಮೈಯ ಹೊಳಪಿಗೆ ಹಣ ಕೊಡುತ್ತೇವೆ. ಒಳಮೈಯನ್ನು ಕೇಳುವವನನ್ನು ಹಳೆಯ ಕಾಲದವನೆನ್ನುತ್ತೇವೆ.

ನನ್ನ ಆಕ್ಷೇಪ ಬರಿಯ ಶಂಕೆಯಾಗಿರಲಿಲ್ಲ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕನ್ನು ತಯಾರಿಸಲು ಬಳಸುವ ಬಿಸ್ಫಿನಾಲ್-ಎ ಎಂಬ ರಾಸಾಯನಿಕವನ್ನು ಮಕ್ಕಳ ಹಾಲಿನ ಬಾಟಲಿಗಳಲ್ಲಿ ಐರೋಪ್ಯ ಒಕ್ಕೂಟ 2011ರಲ್ಲಿಯೇ ನಿಷೇಧಿಸಿತ್ತು. 2024ರ ಡಿಸೆಂಬರಿನಲ್ಲಿ ಆಹಾರ ಮುಟ್ಟುವ ಇತರ ವಸ್ತುಗಳಿಗೂ ಆ ನಿಷೇಧವನ್ನು ವಿಸ್ತರಿಸಿತು. ಕೆಟಲುಗಳಲ್ಲಿ ಸಾಮಾನ್ಯವಾಗಿ ಬಳಸುವ ಪಾಲಿಪ್ರೊಪಿಲೀನಿನಲ್ಲಿ ಬಿಸ್ಫಿನಾಲ್ ಇಲ್ಲವೆಂಬುದು ನಿಜ. ಆದರೆ ಬಿಸಿಗೆ ಪ್ಲಾಸ್ಟಿಕ್ ಸೂಕ್ಷ್ಮ ಕಣಗಳನ್ನು ಬಿಡುತ್ತದೆಂಬುದೂ ನಿಜ. ಪ್ಲಾಸ್ಟಿಕ್ಕಿನ ತೆಳುಪದರ ಬಳಿದ ಕಾಗದದ ಕಪ್ಪಿನಲ್ಲಿ ನೂರು ಮಿಲಿಲೀಟರು ಬಿಸಿ ಪಾನೀಯ ಹದಿನೈದು ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಕಣಗಳು ಅದರೊಳಗೆ ಸೇರುವುವೆಂದು ಖರಗಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ್ದರು. ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದರ ವಿರುದ್ಧ ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರಲ್ಲಿ ಕ್ರಮ ಕೈಗೊಂಡದ್ದನ್ನು ಓದುಗರು ಮರೆತಿರಲಾರರು. ಇಡ್ಲಿಯ ಹಬೆಗೆ ಸಲ್ಲದ್ದು ಕೆಟಲಿನ ಹಬೆಗೆ ಹೇಗೆ ಸಂದೀತು?

ಮನೆಯಲ್ಲಿ ಈ ತರ್ಕ ನಡೆಯಲಿಲ್ಲ. ಉಡುಗೊರೆಯನ್ನು ತಿರುಗಿಸಿ ಕೊಟ್ಟರೆ ತಮ್ಮನಿಗೆ ನೋವಾದೀತೆಂದು ಅವನ ಅಕ್ಕನ ವಾದ. ಕೆಟಲು ಅಲ್ಲಿಯೇ ಉಳಿಯಿತು.

ಅನಂತರದ್ದು ಮಾಘದ ಚಳಿಯ ಒಂದು ರಾತ್ರಿ. ಸಂಜೆಯಿಂದ ಕರೆಂಟ್ ಇರಲಿಲ್ಲ. ಮಧ್ಯರಾತ್ರಿ ಕೆಮ್ಮು ಬಂದು ತಾಯಿ ಎದ್ದು, ಕತ್ತಲೆಯಲ್ಲಿಯೇ ತಡಕಾಡಿ, ಕೆಟಲಿನ ಗುಂಡಿಯನ್ನೊತ್ತಿ, ದೀಪ ಹತ್ತದ್ದರಿಂದ ಕರೆಂಟ್ ಇಲ್ಲವೆಂದು ತಿಳಿದು, ತಂಬಿಗೆಯ ತಣ್ಣೀರನ್ನೇ ಕುಡಿದು ಮಲಗಿದ್ದರು. ಒತ್ತಿದ ಗುಂಡಿ ಒತ್ತಿದಂತೆಯೇ ಇತ್ತು. ಕರೆಂಟ್ ಯಾವಾಗ ಬಂತೋ ಯಾರಿಗೂ ತಿಳಿಯದು. ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ಕಮಟು. ತೊಗರಿಕಟ್ಟಿಗೆ ಸುಟ್ಟ ವಾಸನೆಯೂ ಅಲ್ಲದ, ಬಟ್ಟೆ ಸುಟ್ಟ ವಾಸನೆಯೂ ಅಲ್ಲದ, ಗಂಟಲಿನ ತಳಕ್ಕೆ ಹೋಗಿ ಹಿಡಿಯುವ ಕಮಟು. ಕೋಣೆಯ ಬಾಗಿಲು ನೂಕಿದಾಗ ದೀಪದ ಬೆಳಕಿನಲ್ಲಿ ಹೊಗೆ ಮಂಚದ ಎತ್ತರಕ್ಕೆ ನಿಂತಿತ್ತು. ತಾಯಿ ಗೋಡೆಯ ಕಡೆ ಮುಖ ಮಾಡಿ, ಕೌದಿಯನ್ನು ತಲೆಯ ಮೇಲೆಳೆದುಕೊಂಡು, ನಿದ್ರೆಯಲ್ಲಿಯೇ ಕೆಮ್ಮುತ್ತಿದ್ದರು. ಕೆಟಲಿನ ಸಣ್ಣ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಗೋಡೆಯ ಸ್ವಿಚ್ಚನ್ನು ಆರಿಸಿ, ಟವೆಲು ಸುತ್ತಿಕೊಂಡು ಪ್ಲಗ್ಗನ್ನು ಕಿತ್ತೆ; ಪ್ಲಗ್ಗೂ ಸುಡುತ್ತಿತ್ತು. ತಾಯಿಯನ್ನು ತೋಳಿನಲ್ಲೆತ್ತಿ ಅಂಗಳಕ್ಕೆ ತಂದು ಕೂಡಿಸಿದೆ. ಆಕೆ ಕಣ್ಣು ಬಿಟ್ಟು, ಏನಾಯಿತೆಂದು ಕೇಳದೆ, “ಕಿಟ್ಲಿ ಆರ್ಸಿದ್ಯೋ ಇಲ್ಲೋ?” ಎಂದರು. ಆ ಮಾತಿಗೆ ಉತ್ತರ ಕೊಡಲು ನನ್ನ ಬಾಯಿಂದ ಸ್ವರ ಹೊರಡಲಿಲ್ಲ.

ಬೆಳಗಾದ ಮೇಲೆ ಕೆಟಲನ್ನು ಬಿಸಿಲಿಗೆ ತಂದು ನೋಡಿದಾಗ ಕಾರಣ ಸ್ಪಷ್ಟವಾಯಿತು. ನೀರು ಕುದಿದಾಗ ಉಗಿ ಹಿಡಿಕೆಯ ಬಳಿಯ ಸಣ್ಣ ರಂಧ್ರದ ಮೂಲಕ ಎರಡು ಲೋಹಗಳನ್ನು ಬೆಸೆದ ಒಂದು ತಗಡಿಗೆ ತಾಗುತ್ತದೆ. ಕಾದಾಗ ಎರಡು ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗದ ಕಾರಣ ತಗಡು ಬಾಗಿ ಗುಂಡಿಯನ್ನು ತಳ್ಳಿ ಆರಿಸುತ್ತದೆ. ಇಂಗ್ಲೆಂಡಿನಲ್ಲಿ 1955ರಲ್ಲಿ ತಾನೇ ಆರುವ ಕೆಟಲು ಮಾರುಕಟ್ಟೆಗೆ ಬಂದಂದಿನಿಂದ ಇದೇ ತತ್ತ್ವ. ಉಗಿ ಆ ರಂಧ್ರಕ್ಕೇ ಹೋಗಬೇಕಾದರೆ ಮುಚ್ಚಳ ಬಿಗಿಯಾಗಿ ಕೂಡಬೇಕು. ನಮ್ಮ ಕೆಟಲಿನ ಮುಚ್ಚಳದ ಪ್ಲಾಸ್ಟಿಕ್ ಅಂಚು ದಿನದಿನದ ಬಿಸಿಗೆ ಸೊಟ್ಟಗಾಗಿ ಒಂದು ಕಡೆ ಬೆರಳು ತೂರುವಷ್ಟು ಎದ್ದಿತ್ತು. ಉಗಿಯೆಲ್ಲ ಅತ್ತಲೇ ಹೋಗಿದೆ, ತಗಡು ಕಾದಿಲ್ಲ, ಗುಂಡಿ ಬಿದ್ದಿಲ್ಲ. 1500 ವ್ಯಾಟಿನ ಕೆಟಲಿಗೆ ಕುದಿಯುತ್ತಿರುವ ಅರ್ಧ ಲೀಟರು ನೀರನ್ನು ಆವಿ ಮಾಡಲು ಕಾಲು ಗಂಟೆ ಸಾಕು. ನೀರು ಬತ್ತಿದೊಡನೆ ಆರಿಸಬೇಕಾದ ತಳದ ಎರಡನೆಯ ರಕ್ಷಣೆಯೂ ಕೆಲಸ ಮಾಡಿರಲಿಲ್ಲ. ಮುಚ್ಚಳದ ಕೆಳಮೈ ಸೌಟಿನಂತೆ ಒಳಕ್ಕೆ ಜೋತಿತ್ತು. ಅದರ ತುದಿಯಿಂದ ತೊಟ್ಟಿಕ್ಕಿದ ಕಪ್ಪು ಹನಿಗಳು ತಳದ ಬಿಳಿಯ ಸುಣ್ಣಗಟ್ಟಿನ ಮೇಲೆ ಹೆಪ್ಪುಗಟ್ಟಿದ್ದುವು. ಪ್ಲಾಸ್ಟಿಕ್ಕಿನಿಂದ ಆಗುವುದು ಬರಿಯ ವಾಸನೆ, ಆಯುಷ್ಯ ಸವೆದ ಮೇಲೆ ಎಂದೋ ಕಾಣಬಹುದಾದ ರೋಗ ಎಂದು ವಾದಿಸುವವರು ಆ ಮುಚ್ಚಳವನ್ನು ನೋಡಬೇಕಾಗಿತ್ತು. ಭಾವಮೈದುನನಿಗೆ ಅದರ ಚಿತ್ರವನ್ನು ಕಳಿಸಿದೆ; ಅವನು ಅಂದು ನಗಲಿಲ್ಲ.

ಮಾರಿದ ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಮುಚ್ಚಳಾ ಸರಿಯಾಗಿ ಹಾಕಿಲ್ರೀ ಸರ್, ಗಿರಾಕಿದೇ ತಪ್ಪು, ಇದು ವಾರಂಟಿಯೊಳಗ ಬರಂಗಿಲ್ಲ” ಎಂದನು. ಎಂಬತ್ತು ದಾಟಿದವಳ ಮೇಲೆ ತಪ್ಪು ಹೊರಿಸಿದ ಆ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಇದಿಷ್ಟನ್ನು ಬರೆದ ಕಾಗದವನ್ನು ಅವನ ಮೇಜಿನ ಮೇಲಿಟ್ಟ ಮೇಲೆ ಹಣ ಹಿಂದಕ್ಕೆ ಬಂದಿತು. ರಸೀದಿಯನ್ನು ಭಾವಮೈದುನ ಎಸೆಯದೆ ಇಟ್ಟುಕೊಂಡಿದ್ದನೆಂಬುದನ್ನು ಅವನ ಪರವಾಗಿ ಹೇಳಲೇಬೇಕು.

ಅನಂತರ ಹೊಸದನ್ನು ನಾನೇ ಹುಡುಕಿದೆ. ಆಳಂದದಲ್ಲಿ ದೊರೆಯಲಿಲ್ಲ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿಯೂ ಸೊಲ್ಲಾಪುರದಲ್ಲಿಯೂ ಅಂಗಡಿಯಿಂದಂಗಡಿಗೆ ನಡೆದೆ. ಮುಚ್ಚಳ ತೆರೆಯುವ ಮೊದಲೇ “ಪೂರಾ ಸ್ಟೀಲ್ ಅದರೀ” ಎನ್ನುವವರೇ ಎಲ್ಲರೂ. ಕೆಲವರು ಅಯಸ್ಕಾಂತವನ್ನು ತಂದು ಹಿಡಿದು, ಅಂಟದಿರುವುದನ್ನು ತೋರಿಸಿ ಇದು ಶ್ರೇಷ್ಠ ಸ್ಟೀಲೆಂದು ಸಾಧಿಸುತ್ತಾರೆ, ಅದು ಪ್ರಮಾಣವಲ್ಲ. ಸುಮಾರು 18 ಭಾಗ ಕ್ರೋಮಿಯಮ್, 8 ಭಾಗ ನಿಕ್ಕಲ್ ಇರುವ 304 ಎಂಬ ದರ್ಜೆಯ ಸ್ಟೀಲು ಅಯಸ್ಕಾಂತಕ್ಕೆ ಅಂಟದೆಂಬುದು ನಿಜವಾದರೂ, ನಿಕ್ಕಲನ್ನು ಕಡಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 201, 202ರ ದರ್ಜೆಗಳೂ ಅಂಟುವುದಿಲ್ಲ. ದರ್ಜೆಯನ್ನು ಪಾತ್ರೆಯ ತಳದಲ್ಲಿಯೋ ಕೈಪಿಡಿಯಲ್ಲಿಯೋ ಬರೆದುಕೊಟ್ಟಿದ್ದರೆ ಮಾತ್ರ ನಂಬತಕ್ಕದ್ದು. ಗಾಜಿನ ಕೆಟಲುಗಳನ್ನೂ ನೋಡಿದೆ. ಗಾಜು ನಿರ್ದೋಷ, ಆದರೆ ನಾನು ಕಂಡವುಗಳಲ್ಲಿ ಮುಚ್ಚಳವೂ ಜಾಲರಿಯೂ ಮತ್ತೆ ಪ್ಲಾಸ್ಟಿಕ್ಕೇ.

ಕೊನೆಗೆ ಸಿಕ್ಕಿದ್ದು ಮೊದಲಿನದರ ದುಪ್ಪಟ್ಟು ಬೆಲೆಯದು. ಮುಚ್ಚಳದ ಒಳಮೈ ಸ್ಟೀಲಿನ ತಗಡು; ಮೂತಿಯ ಜಾಲರಿ ಸ್ಟೀಲು; ನೀರಿನ ಮಟ್ಟ ನೋಡುವ ಕಿಟಕಿಯೇ ಇಲ್ಲ, ಒಳಗೆ ಗೀರಿದ ಗುರುತು ಮಾತ್ರ. ಮುಚ್ಚಳದ ಸುತ್ತ ಸಿಲಿಕೋನಿನ ತೆಳ್ಳನೆಯ ಉಂಗುರ ಒಂದಿದೆ. ಸಿಲಿಕೋನ್ ಕುದಿಯುವ ನೀರಿಗಿಂತ ಬಹಳ ಹೆಚ್ಚಿನ ಶಾಖವನ್ನು ತಾಳತಕ್ಕದ್ದು, ಅದನ್ನು ನಾನು ಒಪ್ಪಿಕೊಂಡೆ. ಹಿಡಿಕೆ, ಗುಂಡಿ, ಅಡಿಯ ಪೀಠ, ಪ್ಲಗ್ಗು ಇವೆಲ್ಲ ಪ್ಲಾಸ್ಟಿಕ್ಕೇ, ಆಗಿರಬೇಕಾದದ್ದೂ ಅದೇ. ವಿದ್ಯುತ್ತಿನಿಂದ ಕೈಯನ್ನು ಕಾಯುವುದು ಅದೇ. ಪ್ಲಾಸ್ಟಿಕ್ಕೇ ಇಲ್ಲದ ವಿದ್ಯುತ್ ಕೆಟಲನ್ನು ಅರಸುವವರು ವ್ಯರ್ಥವಾಗಿ ಅಲೆಯುವರು. ನೀರನ್ನೂ ಉಗಿಯನ್ನೂ ಪ್ಲಾಸ್ಟಿಕ್ ಮುಟ್ಟದ ಕೆಟಲು ಎಂದು ಕೇಳಿರಿ. ತಳದಲ್ಲಿ ಐಎಸ್‌ಐ ಗುರುತೂ ಐಎಸ್ 367 ಎಂಬ ಸಂಖ್ಯೆಯೂ ಇವೆಯೇ ನೋಡಿರಿ. ಕೆಟಲುಗಳ ಮಾನಕ ಅದು.

ಸ್ಟೀಲನ್ನು ಆರಿಸಿಕೊಂಡವನ ಮೇಲೆ ಮತ್ತೊಂದು ಹೊಣೆ ಬೀಳುತ್ತದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಒಳಗಿನ ತಂತಿ ಸಡಿಲಿ ಮೈಗೆ ತಾಗಿದರೆ ಸ್ಟೀಲಿನ ಪಾತ್ರೆಯೆಲ್ಲ ಕರೆಂಟಾಗುತ್ತದೆ. ಆಗ ಪ್ರಾಣ ಉಳಿಸುವುದು ಮೂರನೆಯ ಪಿನ್ನಿನ ಅರ್ಥಿಂಗ್. ನಮ್ಮ ಹಳ್ಳಿಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ಟು ಇರುತ್ತದೆ, ಮೂರನೆಯ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ. ನನ್ನ ಮನೆಯಲ್ಲಿಯೂ ಕಟ್ಟಿಸಿದ ಗುತ್ತಿಗೆದಾರ ಹಾಗೆಯೇ ಬಿಟ್ಟುಹೋಗಿದ್ದನೆಂಬುದು ವಾಯರ್‌ಮನ್ ಬಂದು ಬಿಚ್ಚಿ ತೋರಿಸಿದಾಗಲೇ ತಿಳಿದದ್ದು. ಹಿತ್ತಲಿನ ಕರಿನೆಲದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಅರ್ಥಿಂಗ್ ಹಾಕಿಸಿ, ಮೂವತ್ತು ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಕೂಡಿಸಿದ ಮೇಲೆಯೇ ಹೊಸ ಕೆಟಲನ್ನು ಹಚ್ಚಿದೆ. 1500 ವ್ಯಾಟಿನ ಕೆಟಲು 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುವುದರಿಂದ ಆರು ಆಂಪಿಯರಿನ ಸಣ್ಣ ಸಾಕೆಟ್ಟು ಸಲ್ಲದು. ಅಂದು ರಾತ್ರಿ ಪ್ಲಗ್ಗು ಸುಡುತ್ತಿದ್ದುದೂ ಅದಕ್ಕಾಗಿಯೇ. ದೊಡ್ಡ ಹದಿನಾರರ ಸಾಕೆಟ್ಟೇ ಬೇಕು.

ಬೋರಿನ ನೀರು ಗಡಸಾದ್ದರಿಂದ ತಳದಲ್ಲಿ ಸುಣ್ಣ ಕಟ್ಟುತ್ತದೆ. ನಿಂಬೆರಸ ಹಿಂಡಿದ ನೀರನ್ನು ಕುದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಬಿಡುತ್ತದೆ. ಉಪ್ಪು ಹಾಕಿ ತಿಕ್ಕಬೇಡಿರಿ, ಉಪ್ಪು ಸ್ಟೀಲನ್ನು ತಿನ್ನುತ್ತದೆ. ಹಾಲನ್ನಾಗಲಿ ಸಕ್ಕರೆ ಹಾಕಿದ ಚಹಾವನ್ನಾಗಲಿ ಅದರಲ್ಲಿ ಕುದಿಸಬಾರದು, ತಳ ಹಿಡಿಯುತ್ತದೆ. ಕೊನೆಯದಾಗಿ, ಕರೆಂಟ್ ಹೋದಾಗ ಗುಂಡಿ ಒತ್ತಿದ್ದರೆ ಅದನ್ನು ಮೇಲೆತ್ತಿ ಗೋಡೆಯ ಸ್ವಿಚ್ಚನ್ನೂ ಆರಿಸುವುದನ್ನು ಮನೆಯ ವೃದ್ಧರಿಗೆ ಕೈ ಹಿಡಿದು ಅಭ್ಯಾಸ ಮಾಡಿಸಬೇಕು. ತಾಯಿಗೆ ಮಾಡಿಸಿದ್ದೇನೆ.

ಕೆಟಲು ತಯಾರಿಸುವವರಲ್ಲಿ ನನ್ನದೊಂದು ವಿನಂತಿ: ನೀರು ಮುಟ್ಟುವ ಪ್ರತಿಯೊಂದು ಭಾಗ, ಅದು ಮುಚ್ಚಳವಾಗಲಿ ಜಾಲರಿಯಾಗಲಿ, ಯಾವ ವಸ್ತುವಿನದೆಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿರಿ. ಅದು ಆಗುವವರೆಗೆ, ಹಣ ಕೊಡುವ ಮುನ್ನ ಮುಚ್ಚಳ ತೆರೆದು ತೋರಿಸಲು ಒಪ್ಪದ ಅಂಗಡಿಯಲ್ಲಿ ಯಾರೂ ಕೆಟಲನ್ನು ಕೊಳ್ಳಬೇಡಿರಿ.