ಆಟದ ಅವಧಿಯಲ್ಲಿ ಕಣ್ಣಿನ ಪಾಠ

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಯ ‘ಬೆಳಕು’ ಅಧ್ಯಾಯದ ಕಣ್ಣಿನ ಭಾಗ ನನ್ನ ಪಾಲಿಗೆ ಬಂದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಕರಿಹಲಗೆ ಬಿಟ್ಟು ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಿದ್ದ. ಎರಡು ಸಲ ಗದರಿದೆ. ನನ್ನ ದಾಖಲೆಯಲ್ಲಿ ‘ಗಮನ ಕಡಿಮೆ’ ಎಂದೂ ಬರೆದುಕೊಂಡೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕಿ, “ಅವನು ಕಣ್ಣು ಕಿರಿದು ಮಾಡಿ ಬೋರ್ಡ್ ನೋಡ್ತಿದ್ದ, ಗಮನಿಸಿದ್ರಾ?” ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. ಸಮೀಪದೃಷ್ಟಿಯ ಪಾಠಯೋಜನೆ ನನ್ನ ಕೈಯಲ್ಲೇ ಇತ್ತು.

ಮಧ್ಯಾಹ್ನ ಅವನನ್ನು ಮುಂದೆ ಕೂರಿಸಿ ಓದಿಸಿದೆ. ಸಲೀಸಾಗಿ ಓದಿದ. “ಕನ್ನಡಕ ಹಾಕಿದ್ರೆ ನಂಬರ್ ಜಾಸ್ತಿ ಆಗುತ್ತಂತೆ ಮಿಸ್, ಅಮ್ಮ ಬೇಡ ಅಂದ್ರು” ಎಂದ. ಮರುದಿನದ ಪಾಠಯೋಜನೆಯನ್ನು ಈ ಮಾತಿನ ಸುತ್ತಲೇ ಬದಲಿಸಿದೆ.

10 ಸೆಂ.ಮೀ. ಸಂಗಮದೂರದ ಪೀನ ಮಸೂರದಿಂದ ಕಿಟಕಿಯಾಚೆಯ ಮರದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಮೂಡಿಸಿದೆವು. ಹಾಳೆಯನ್ನು 20 ಸೆಂ.ಮೀ. ದೂರಕ್ಕೆ ಸರಿಸಿದಾಗ ಬಿಂಬ ಮಸುಕಾಯಿತು. 20 ಸೆಂ.ಮೀ. ಸಂಗಮದೂರದ ನಿಮ್ನ ಮಸೂರವನ್ನು ಪೀನ ಮಸೂರಕ್ಕೆ ತಾಗಿಸಿ ಹಿಡಿದಾಗ ಮತ್ತೆ ಸ್ಪಷ್ಟವಾಯಿತು. ಹಾಳೆಯೇ ಅಕ್ಷಿಪಟಲ, ನಿಮ್ನ ಮಸೂರವೇ ಕನ್ನಡಕ ಎಂದು ಮಕ್ಕಳೇ ಹೇಳಿದರು.

ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿ.ಮೀ., ದೊಡ್ಡವರಲ್ಲಿ ಸುಮಾರು 24 ಮಿ.ಮೀ. ಶಾಲಾ ವಯಸ್ಸಿನಲ್ಲಿ ಈ ಬೆಳವಣಿಗೆ ಮಿತಿ ಮೀರಿದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮುಂದೆಯೇ ಮೂಡುತ್ತದೆ. ಮಗು ಬೆಳೆದಂತೆ ಕಣ್ಣು ಇನ್ನೂ ಉದ್ದವಾಗುವುದರಿಂದ ನಂಬರ್ ಏರುತ್ತದೆ. ಸರಿಯಾದ ಕನ್ನಡಕ ಹಾಕಿದ್ದರಿಂದಲ್ಲ. ತಂದೆತಾಯಿಯರಿಂದ ಬರುವ ಗುಣ, ಬಹಳ ಹೊತ್ತು ಹತ್ತಿರದಿಂದ ನೋಡುವ ಕೆಲಸ, ಹೊರಗಿನ ಬೆಳಕಿನಲ್ಲಿ ಕಳೆಯುವ ಸಮಯದ ಕೊರತೆ, ಇವು ಇದಕ್ಕೆ ಕಾರಣಗಳು.

ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳು ಶೇ. 30.4, ಹೆಚ್ಚುವರಿ ಅವಧಿ ಇಲ್ಲದ ಶಾಲೆಗಳಲ್ಲಿ ಶೇ. 39.5.

ಇದನ್ನು ಹೇಳಿದಾಗ ಹುಡುಗಿಯೊಬ್ಬಳು ಎದ್ದು, “ಮಿಸ್, ಇದು ನಮ್ಮ ಆಟದ ಪೀರಿಯಡ್ ಅಲ್ವಾ?” ಎಂದಳು. ತರಗತಿಯೆಲ್ಲ ನಕ್ಕಿತು. ನಿಜ, ಪಾಠ ಮುಗಿಸಲೆಂದು ದೈಹಿಕ ಶಿಕ್ಷಕರನ್ನು ಕೇಳಿ ಆ ಅವಧಿಯನ್ನು ನಾನೇ ಪಡೆದಿದ್ದೆ. ಉಳಿದ 15 ನಿಮಿಷ ಮಕ್ಕಳನ್ನು ಮೈದಾನಕ್ಕೆ ಬಿಟ್ಟೆ.

ಶಿಕ್ಷಕಿ ಹುಡುಗನ ತಾಯಿಯನ್ನು ಕರೆಸಿ ಮಾತನಾಡಿ, ತಾಲ್ಲೂಕು ಆಸ್ಪತ್ರೆಗೆ ಕಣ್ಣಿನ ಪರೀಕ್ಷೆಗೆ ಕಳುಹಿಸಿದರು. ಮಸೂರದ ಪ್ರಯೋಗವನ್ನು ಹುಡುಗ ಮನೆಯಲ್ಲಿ ವಿವರಿಸಿದ್ದನಂತೆ.

ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಹೊಸ ತರಗತಿಗೆ ಹೋದ ಮೊದಲ ದಿನವೇ ಹಿಂದಿನ ಬೆಂಚಿನಿಂದ ಪ್ರತಿ ಮಗುವಿನಿಂದಲೂ ಕರಿಹಲಗೆಯ ಒಂದು ಸಾಲು ಓದಿಸಿ. ‘ಗಮನ ಕಡಿಮೆ’ ಎಂದು ಬರೆಯುವ ಮೊದಲು ಕಣ್ಣು ಕಾಣುತ್ತದೆಯೇ ಎಂದು ಕೇಳಿ. ಆಟದ ಅವಧಿಯನ್ನು ಮಾತ್ರ ಕೇಳಬೇಡಿ.