ಬಂಪರ್ ಹೊಡೆದ ಮೇಲೆ

ತಮಿಳುನಾಡಿನಲ್ಲಿ 2003ರಿಂದ ಲಾಟರಿಗೆ ನಿಷೇಧವಿದೆ. ಆದರೂ 2023ರಲ್ಲಿ ಕೇರಳದ ಓಣಂ ಬಂಪರ್‌ನ 25 ಕೋಟಿ ತಿರುಪ್ಪೂರು ಕಡೆಯ ನಾಲ್ವರ ಪಾಲಾಯಿತು. ಟಿಕೆಟ್ ಕೊಂಡದ್ದು ಗಡಿಯಾಚೆಯ ವಾಳಯಾರಿನಲ್ಲಿ.

ಅಂಥ ಅದೃಷ್ಟ ನಿಮಗೂ ಒಲಿದರೆ, ಮೊದಲು ಟಿಕೆಟ್ ಹಿಂದೆ ಸಹಿ ಹಾಕಿ. ಪಾಲುದಾರರಿದ್ದರೆ ಯಾರಿಗೆಷ್ಟು ಎಂದು ಅಂದೇ ಬರೆದಿಡಿ. 2023ರ ಲೆಕ್ಕದಂತೆ 25 ಕೋಟಿಯಲ್ಲಿ ಏಜೆಂಟರ ಕಮಿಷನ್ ಶೇ. 10, ಉಳಿದದ್ದಕ್ಕೆ ತೆರಿಗೆ ಶೇ. 30 ಮುರಿದು ಕೈಗೆ ಬರುವುದು 15.75 ಕೋಟಿ. ಅದರಲ್ಲೂ ಸರ್‌ಚಾರ್ಜ್, ಸೆಸ್ ನೀವೇ ಕಟ್ಟಬೇಕು. ಆಡಿಟರನ್ನು ಕೇಳಿ ಆ ದುಡ್ಡನ್ನು ಬೇರೆಯೇ ತೆಗೆದಿಡಿ.

ಸುದ್ದಿ ಊರಿಗೆಲ್ಲ ಸಾರಬೇಡಿ. 2022ರಲ್ಲಿ ಇದೇ ಬಂಪರ್ ಗೆದ್ದ ತಿರುವನಂತಪುರದ ಆಟೋ ಚಾಲಕರು ಸಹಾಯ ಕೇಳಿ ಬರುವವರ ಕಾಟಕ್ಕೆ ಮನೆಯಲ್ಲಿ ಇರಲಾರದಂತಾದರು. ಬಡ್ಡಿ ಸಾಲ ತೀರಿಸಿ, ಮಿಕ್ಕದ್ದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ. ಜಮೀನು, ಪವರ್‌ಲೂಮ್ ಎಂದು ಬಂದವರಿಗೆ ‘ಒಂದು ವರ್ಷ ಹೋಗಲಿ’ ಎನ್ನಿ.