ಪಕ್ಷದ ಒಳಚುನಾವಣೆಯಲ್ಲಿ ನಿಮ್ಮ ಮತ ಎಣಿಸದಿದ್ದರೆ ಯಾವ ಬಾಗಿಲು ತಟ್ಟಬೇಕು?

ರಾಜಕೀಯ ಪಕ್ಷಗಳ ಒಳಚುನಾವಣೆ ಮುಗಿದ ಮೇಲೆ ವಕೀಲರ ಕಚೇರಿಗೆ ಬರುವ ಹುಡುಗರ ಕಥೆ ಹೆಚ್ಚುಕಡಿಮೆ ಒಂದೇ. ಸದಸ್ಯತ್ವದ ಶುಲ್ಕ ಕಟ್ಟಿರುತ್ತಾರೆ, ಬಿಸಿಲಲ್ಲಿ ಊರೂರು ತಿರುಗಿ ಜನರನ್ನು ಸೇರಿಸಿರುತ್ತಾರೆ, ಓಟು ಹಾಕಿರುತ್ತಾರೆ. ಫಲಿತಾಂಶ ಬಂದಾಗ ಅವರ ಓಟು ‘ತಿರಸ್ಕೃತ’ ಅನ್ನುವ ಪಟ್ಟಿಯಲ್ಲಿರುತ್ತದೆ, ಇಲ್ಲವೇ ಅವರು ಗೆಲ್ಲಿಸಿದ ಅಭ್ಯರ್ಥಿಯೇ ಅನರ್ಹ ಆಗಿರುತ್ತಾನೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ಚುನಾವಣಾ ಆಯೋಗಕ್ಕೆ ಕೊಟ್ಟ ಮನವಿಗಳ ಜೆರಾಕ್ಸ್ ಕಟ್ಟು ಇರುತ್ತದೆ. ಪಕ್ಷದ ಚುನಾವಣಾಧಿಕಾರಿಗೆ ಕೊಡಬೇಕಿದ್ದ ದೂರು ಮಾತ್ರ ಇರುವುದಿಲ್ಲ. ಅದರ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ.

ಇದು ಬಿಡಿ ಜನರ ಸಂಕಟ ಮಾತ್ರವಲ್ಲ. 2021ರಲ್ಲಿ ಕರ್ನಾಟಕ ಯುವ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಮೊಹಮ್ಮದ್ ನಲಪಾಡ್ ಅವರಿಗೆ 64,203 ಮತ ಬಂದವು, ರಕ್ಷಾ ರಾಮಯ್ಯ ಅವರಿಗೆ 57,271. ಹೆಚ್ಚು ಮತ ಪಡೆದವರನ್ನು ಅನರ್ಹರೆಂದು ಹೇಳಿ ಎರಡನೆಯವರನ್ನು ಅಧ್ಯಕ್ಷರೆಂದು ಘೋಷಿಸಲಾಯಿತು. ತಿಂಗಳುಗಟ್ಟಲೆ ತಿಕ್ಕಾಟ ನಡೆದು, ಹಿರಿಯ ನಾಯಕರ ರಾಜಿಯಲ್ಲಿ ಅವಧಿ ಹಂಚಿಕೆಯಾಗಿ, 2022ರಲ್ಲಿ ನಲಪಾಡ್ ಅಧ್ಯಕ್ಷರಾದರು. ಆ ಅನರ್ಹತೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಚಿಂತೆ ಆ ಅರವತ್ತನಾಲ್ಕು ಸಾವಿರ ಜನರದ್ದು. ಅವರ ಮತದ ಬೆಲೆಯನ್ನು ನಾಯಕರು ಕೂತು ತೀರ್ಮಾನಿಸಿದರು. ಮತದಾರರನ್ನು ಕೇಳಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ.

ಮೊದಲು ಇದೊಂದನ್ನು ಸ್ಪಷ್ಟ ಮಾಡಿಕೊಳ್ಳಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನಿಮ್ಮ ಹೆಸರಲ್ಲಿ ಬೇರೆಯವರು ಓಟು ಹಾಕಿ ಹೋಗಿದ್ದರೆ ಟೆಂಡರ್ ಮತ ಕೇಳುವ ಹಕ್ಕು ನಿಮಗಿದೆ. ಫಲಿತಾಂಶವನ್ನು ಪ್ರಶ್ನಿಸಿ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅಭ್ಯರ್ಥಿಯೇ ಆಗಬೇಕಿಲ್ಲ, ಸಾಮಾನ್ಯ ಮತದಾರನೂ ಹಾಕಬಹುದು. ಇವೆಲ್ಲ 1951ರ ಜನಪ್ರತಿನಿಧಿ ಕಾಯ್ದೆ ಮತ್ತು ಚುನಾವಣಾ ನಿಯಮಗಳಿಂದ ಬಂದ ರಕ್ಷಣೆಗಳು. ಪಕ್ಷದ ಒಳಚುನಾವಣೆಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಕಾನೂನಿನ ಕಣ್ಣಿಗೆ ಪಕ್ಷ ಒಂದು ಸಂಘ, ನೀವು ಅದರ ಸದಸ್ಯರು. ನಿಮ್ಮ ಮತದ ಹಕ್ಕು ಬರುವುದು ಆ ಸಂಘದ ನಿಯಮಾವಳಿಯಿಂದ.

ದೊಡ್ಡ ಮೋಸ: ತಪ್ಪು ಬಾಗಿಲಲ್ಲಿ ಕಳೆದ ದಿನಗಳು

‘ಚುನಾವಣೆ’ ಎಂದ ಕೂಡಲೇ ಜನ ಚುನಾವಣಾ ಆಯೋಗಕ್ಕೆ ಬರೆಯುತ್ತಾರೆ. ಆಯೋಗ ಅದೇ ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ ಪಕ್ಷಗಳನ್ನು ನೋಂದಾಯಿಸುತ್ತದೆ, ಪದಾಧಿಕಾರಿಗಳ ಚುನಾವಣೆ ಕಾಲಕಾಲಕ್ಕೆ ನಡೆಸಿ ಎಂದು ತಾಕೀತು ಮಾಡುತ್ತದೆ. 2022ರಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನಲ್ಲಿ ‘ಕಾಯಂ ಅಧ್ಯಕ್ಷ’ರ ಸುದ್ದಿ ಬಂದಾಗ ಅದು ಪ್ರಜಾಪ್ರಭುತ್ವಕ್ಕೆ ವಿರುದ್ಧ ಎಂದು ಖಂಡಿಸಿತು. ಪಕ್ಷ ಒಡೆದು ಎರಡು ಬಣಗಳು ಒಂದೇ ಚಿಹ್ನೆಗೆ ಜಗಳಕ್ಕೆ ನಿಂತರೆ, 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾದಡಿ ಅದನ್ನೂ ತೀರ್ಮಾನಿಸುತ್ತದೆ. ಆದರೆ ‘ಇಂಥವರ ಮತವನ್ನು ಎಣಿಸಿ’ ಎಂದು ಪಕ್ಷಕ್ಕೆ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ತಹಶೀಲ್ದಾರರಿಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಕಚೇರಿಯ ಆವಕ ವಿಭಾಗದಲ್ಲಿ ಕೂತವರಿಗೆ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಗೊತ್ತಿರುತ್ತದೆ. ಆದರೂ ಅರ್ಜಿ ತೆಗೆದುಕೊಂಡು, ಮೊಹರು ಒತ್ತಿ, ‘ನೋಡೋಣ, ಬರ್ತಾ ಇರಿ’ ಎನ್ನುತ್ತಾರೆ. ಆ ಮೊಹರು ನೋಡಿ ಹುಡುಗ ಕೆಲಸ ಆಯಿತು ಎಂದುಕೊಂಡು ಊರಿಗೆ ಹೋಗುತ್ತಾನೆ. ‘ಇದು ನಮ್ಮದಲ್ಲಪ್ಪ, ಪಕ್ಷದ ಚುನಾವಣಾಧಿಕಾರಿಗೆ ಕೊಡು’ ಎಂಬ ಒಂದು ಮಾತು ಹೇಳಿದ್ದರೆ ಅವನ ಹಕ್ಕು ಉಳಿಯುತ್ತಿತ್ತು. ಇನ್ನೊಂದು ಕಡೆ ಮಧ್ಯವರ್ತಿಗಳು: ‘ದೆಹಲಿಯಲ್ಲಿ ನಮ್ಮವರಿದ್ದಾರೆ, ಖರ್ಚಿಗೆ ಕೊಡಿ, ನಿಮ್ಮ ಓಟುಗಳನ್ನು ಸೇರಿಸಿಸುತ್ತೇನೆ’ ಎನ್ನುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಕೊಟ್ಟು ಸೇರಿಸಿದ ಮತ ಮುಂದೆ ನಿಮ್ಮ ಮೇಲೆಯೇ ಆರೋಪವಾಗಿ ತಿರುಗುತ್ತದೆ.

ಪಕ್ಷದ ಅಧಿಸೂಚನೆಯಲ್ಲಿ ದೂರಿಗೆ ಕೊಡುವ ಕಾಲ ತೀರಾ ಕಡಿಮೆ ಇರುವುದೇ ಹೆಚ್ಚು. ಆ ಕಾಲ ಮೀರಿದರೆ ಪಕ್ಷ ಕೇಳುವುದಿಲ್ಲ. ಮುಂದೆ ಕೋರ್ಟಿನಲ್ಲೂ ‘ಒಳಗಿದ್ದ ದಾರಿಯನ್ನು ಯಾಕೆ ಬಳಸಲಿಲ್ಲ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಅಮೆರಿಕದ ಪ್ರೈಮರಿ ತೋರಿಸುವವರಿಗೆ

‘ಅಲ್ಲಿ ಪ್ರೈಮರಿ ಮತಕ್ಕೂ ಕಾನೂನಿದೆಯಲ್ಲ ಸಾರ್’ ಎಂದು ಓದಿದ ಹುಡುಗರು ಕೇಳುತ್ತಾರೆ. ಇದೆ. ಅಲ್ಲಿ ಬಹುಪಾಲು ಪ್ರೈಮರಿಗಳನ್ನು, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗಳನ್ನು, ರಾಜ್ಯದ ಕಾನೂನಿನಂತೆ ಸರ್ಕಾರವೇ ನಡೆಸುತ್ತದೆ. ಕಪ್ಪು ಜನರನ್ನು ಪ್ರೈಮರಿಯಿಂದ ಹೊರಗಿಡುವುದು ಪಕ್ಷದ ಖಾಸಗಿ ವಿಷಯವಲ್ಲ ಎಂದು 1944ರಲ್ಲೇ, ಸ್ಮಿತ್ ವಿರುದ್ಧ ಆಲ್‌ರೈಟ್ ಪ್ರಕರಣದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೂ 2008ರಲ್ಲಿ ಮಿಷಿಗನ್ ಮತ್ತು ಫ್ಲಾರಿಡಾ ಪಕ್ಷದ ವೇಳಾಪಟ್ಟಿಗಿಂತ ಮೊದಲೇ ಪ್ರೈಮರಿ ನಡೆಸಿದ್ದಕ್ಕೆ, ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿಯನ್ನು ಆರಿಸುವ ಸಮಾವೇಶದಲ್ಲಿ ಆ ರಾಜ್ಯಗಳ ಪ್ರತಿನಿಧಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಿತು. ಲಕ್ಷಾಂತರ ಜನರ ಆಕ್ರೋಶದ ಬಳಿಕ ಮೇ 31ರಂದು ಪ್ರತಿನಿಧಿಗೆ ಅರ್ಧ ಮತ ಕೊಟ್ಟಿತು. ಪೂರ್ತಿ ಮತ ಮರಳಿದ್ದು ಆಗಸ್ಟಿನಲ್ಲಿ, ಅಭ್ಯರ್ಥಿ ಯಾರೆಂಬುದು ಇತ್ಯರ್ಥವಾದ ಮೇಲೆ. ಕಾನೂನಿನ ಬೆಂಬಲ ಇರುವಲ್ಲೇ ಹೀಗಾದರೆ, ಅದಿಲ್ಲದ ನಮ್ಮಲ್ಲಿ ಸದಸ್ಯ ಎಷ್ಟು ಎಚ್ಚರ ಇರಬೇಕು ಎಂದು ಯೋಚಿಸಿ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಓದುತ್ತಿದ್ದರೆ: ಮತಗಟ್ಟೆಯಲ್ಲಿ ಹೆಸರಿಲ್ಲ ಎಂದರೆ ಸುಮ್ಮನೆ ತಿರುಗಿ ಬರಬೇಡಿ, ‘ಪ್ರಾವಿಷನಲ್ ಬ್ಯಾಲೆಟ್’ (ತಾತ್ಕಾಲಿಕ ಮತಪತ್ರ) ಕೇಳಿ. ಫೆಡರಲ್ ಹುದ್ದೆಗಳ ಚುನಾವಣೆಗೆ 2002ರ ಕಾನೂನು ಅದನ್ನು ಕೊಟ್ಟಿದೆ. ಆ ಮತ ಎಣಿಕೆಯಾಯಿತೋ ಇಲ್ಲವೋ ಎಂದು ತಿಳಿಯುವ ಹಕ್ಕನ್ನೂ ಕೊಟ್ಟಿದೆ. ಗ್ರೀನ್ ಕಾರ್ಡಿನವರು ಮಾತ್ರ ಯಾರು ಹೇಳಿದರೂ ಆ ಚುನಾವಣೆಗಳಲ್ಲಿ ಓಟು ಹಾಕಬೇಡಿ. ಅದು ಅಪರಾಧ, ಗಡಿಪಾರಿಗೂ ಕಾರಣವಾಗಬಹುದು.

ಏನು ಮಾಡಬೇಕು

*ಒಂದು: ನಿಯಮದ ಪ್ರತಿ ತೆಗೆದಿಟ್ಟುಕೊಳ್ಳಿ.* ನೋಂದಾಯಿತ ಪಕ್ಷಗಳ ಸಂವಿಧಾನ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಯುವ ಘಟಕ, ವಿದ್ಯಾರ್ಥಿ ಘಟಕಗಳಿಗೆ ಬೇರೆಯೇ ನಿಯಮ ಇರಬಹುದು, ಅವು ಅಲ್ಲಿ ಇಲ್ಲದಿರಬಹುದು. ಆಗ ಚುನಾವಣೆಯ ಅಧಿಸೂಚನೆಯೇ ನಿಮ್ಮ ಆಧಾರ. ಚುನಾವಣಾಧಿಕಾರಿ ಯಾರು, ಯಾವ ಕಾರಣಕ್ಕೆ ಮತ ತಿರಸ್ಕರಿಸಬಹುದು, ದೂರಿಗೆ ಎಷ್ಟು ದಿನ, ಮೇಲ್ಮನವಿ ಯಾರಿಗೆ ಎಂಬ ನಾಲ್ಕನ್ನು ಗುರುತು ಮಾಡಿ. ಅಧಿಸೂಚನೆ ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಬಂದಿದ್ದರೆ ಆ ಸಂದೇಶವನ್ನು ಅಳಿಸಬೇಡಿ, ಗುಂಪಿನಿಂದ ಹೊರಬರಬೇಡಿ.

*ಎರಡು: ಮತ ಹಾಕಿದ ದಾಖಲೆ ನಿಮ್ಮ ಕೈಯಲ್ಲೇ ಇರಲಿ.* ಸದಸ್ಯತ್ವ ಸಂಖ್ಯೆ, ಶುಲ್ಕದ ರಸೀದಿ, ಬಂದ ಸಂದೇಶ ಉಳಿಸಿಕೊಳ್ಳಿ. ಆ್ಯಪ್ ಮೂಲಕ ಮತದಾನ ಆದಲ್ಲಿ ಪರದೆಯ ಚಿತ್ರ ತೆಗೆದುಕೊಳ್ಳಿ. ನಿಮ್ಮ ಶುಲ್ಕವನ್ನು ಸ್ಥಳೀಯ ಮುಖಂಡ ತನ್ನ ಫೋನಿನಿಂದ ಕಟ್ಟಿದರೆ ಆ ಸಾಕ್ಷ್ಯ ಅವನದಾಗುತ್ತದೆ, ನಿಮ್ಮದಲ್ಲ. ‘ಗುರುತಿನ ಚೀಟಿ ಕೊಡು, ಓಟಿಪಿ ಹೇಳು, ಉಳಿದದ್ದು ನಾನು ನೋಡ್ಕೋತೀನಿ’ ಎನ್ನುವವರಿಗೆ ಫೋನು ಕೊಟ್ಟರೆ ನಿಮ್ಮ ಓಟು ಯಾರಿಗೆ ಬಿತ್ತು ಎಂಬುದೇ ನಿಮಗೆ ತಿಳಿಯುವುದಿಲ್ಲ.

ಇಲ್ಲೊಂದು ಗಂಭೀರ ಎಚ್ಚರಿಕೆ. ಸರ್ಕಾರಿ ನೌಕರರು ರಾಜಕೀಯ ಪಕ್ಷದ ಸದಸ್ಯರಾಗುವುದನ್ನು ನಡತೆ ನಿಯಮಗಳು ನಿಷೇಧಿಸಿವೆ. ಸಂಖ್ಯೆ ತುಂಬಿಸಲು ಮುಖಂಡರು ನೌಕರರ ಹೆಸರನ್ನೂ ಅವರಿಗೆ ತಿಳಿಯದೆ ಸೇರಿಸಿಬಿಡಬಹುದು. ನಿಮ್ಮ ಹೆಸರು ಹಾಗೆ ಸೇರಿದ್ದರೆ ‘ನನ್ನ ಮತ ಎಣಿಸಿ’ ಎಂದು ಬರೆಯಬೇಡಿ. ‘ನನ್ನ ಒಪ್ಪಿಗೆ ಇಲ್ಲದೆ ಸೇರಿಸಲಾಗಿದೆ, ತೆಗೆಯಿರಿ’ ಎಂದು ಬರೆದು ಪ್ರತಿ ಇಟ್ಟುಕೊಳ್ಳಿ.

*ಮೂರು: ಗಡುವಿನೊಳಗೆ ಪಕ್ಷದ ಚುನಾವಣಾಧಿಕಾರಿಗೆ ಲಿಖಿತ ದೂರು.* ಇಮೇಲ್ ಕಳಿಸಿ, ಜೊತೆಗೆ ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟ್ ಕೂಡ ಮಾಡಿ. ಭಾಷಣ ಬೇಡ. ಹೆಸರು, ಸದಸ್ಯತ್ವ ಸಂಖ್ಯೆ, ಮತ ಹಾಕಿದ ದಿನ, ಏನಾಯಿತು ಎಂದಿಷ್ಟು ಬರೆದು ಮೂರು ಬೇಡಿಕೆ ಇಡಿ: ನನ್ನ ಮತ ತಿರಸ್ಕರಿಸಿದ ಕಾರಣವನ್ನು ಲಿಖಿತವಾಗಿ ಕೊಡಿ, ಮತ ಸಿಂಧುವಾಗಿದ್ದರೆ ಎಣಿಸಿ, ತೀರ್ಮಾನವಾಗುವವರೆಗೆ ದಾಖಲೆ ಅಳಿಸಬೇಡಿ. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ನಾಳೆ ಕೋರ್ಟಿನಲ್ಲಿ ಬೇಕಾಗುವುದು ಅದೇ. ಪುರಾವೆ ಇಲ್ಲದೆ ಯಾರನ್ನೂ ಹೆಸರಿಟ್ಟು ಕಳ್ಳ ಎನ್ನಬೇಡಿ, ಮಾನನಷ್ಟದ ಮೊಕದ್ದಮೆ ನಿಮ್ಮ ಮೇಲೆ ಬೀಳುತ್ತದೆ. ಅಭ್ಯರ್ಥಿ ದೂರು ಕೊಟ್ಟಿದ್ದಾನೆ ಎಂದು ಸುಮ್ಮನಿರಬೇಡಿ. ಅವನು ರಾಜಿಯಾದ ದಿನ ಅವನ ದೂರು ಮುಗಿಯಿತು, ನಿಮ್ಮದು ಹುಟ್ಟಲೇ ಇಲ್ಲ ಎಂದಾಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತವೆ ಎಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದು ಆದೇಶಿಸಿತು. ಪಕ್ಷಗಳು ಅದನ್ನು ಪಾಲಿಸಲಿಲ್ಲ. ಆ ಅರ್ಜಿಯನ್ನು ನೆಚ್ಚಿಕೊಂಡು ಗಡುವು ಕಳೆದುಕೊಳ್ಳಬೇಡಿ.

*ನಾಲ್ಕು: ಉತ್ತರ ಬರದಿದ್ದರೆ ಸಿವಿಲ್ ಕೋರ್ಟ್.* ಪಕ್ಷ ಸರ್ಕಾರಿ ಸಂಸ್ಥೆಯಲ್ಲವಾದ್ದರಿಂದ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎಐಎಡಿಎಂಕೆಯ 2022ರ ಜುಲೈ 11ರ ಸಾಮಾನ್ಯ ಸಭೆಯ ಜಗಳ ಸುಪ್ರೀಂ ಕೋರ್ಟ್ ತನಕ ಹೋದದ್ದೂ ಸಿವಿಲ್ ದಾವೆಯ ದಾರಿಯಲ್ಲೇ. ದಾವೆ ಬರೆಸುವಾಗ ಎರಡು ವಿಷಯ ಗಮನಿಸಿ. ‘ಚುನಾವಣೆ ಅಸಿಂಧು ಎಂದು ಘೋಷಿಸಿ’ ಎಂದಷ್ಟೇ ಕೇಳಿ, ಅದಕ್ಕೆ ಹೊಂದಿದ ಮುಂದಿನ ಪರಿಹಾರ ಕೇಳದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮಿನಡಿ ದಾವೆಯೇ ಬಿದ್ದುಹೋಗಬಹುದು. ಸ್ಕ್ರೀನ್‌ಶಾಟ್, ಸಂದೇಶಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಗೆದ್ದವರು ಅಧಿಕಾರ ವಹಿಸುವ ಮೊದಲು ತಡೆಯಾಜ್ಞೆ ಸಿಗದಿದ್ದರೆ, ತೀರ್ಪು ಬರುವ ಹೊತ್ತಿಗೆ ಆ ಹುದ್ದೆಯ ಅವಧಿಯೇ ಮುಗಿದಿರಬಹುದು. ‘ಖಂಡಿತ ಗೆಲ್ಲಿಸಿಕೊಡ್ತೀನಿ’ ಎನ್ನುವ ವಕೀಲರನ್ನು ನಂಬಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

*ಐದು: ನಿಮ್ಮ ಗುರುತನ್ನೇ ಕದ್ದಿದ್ದರೆ ಪೊಲೀಸ್ ಠಾಣೆ.* ನಿಮ್ಮ ಚೀಟಿ, ಸಹಿ, ಓಟಿಪಿ ಬಳಸಿ ಬೇರೆಯವರು ಮತ ಹಾಕಿದ್ದರೆ ಅದು ಪಕ್ಷದ ಒಳವಿಷಯವಾಗಿ ಉಳಿಯುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ದೂರು ಕೊಡಿ. ‘ನಿಮ್ಮ ಪಕ್ಷದ ಜಗಳ ನಮಗ್ಯಾಕೆ’ ಎಂದು ಕಳಿಸಿದರೆ ಎಸ್ಪಿಯವರಿಗೆ ಲಿಖಿತವಾಗಿ ಕೊಡಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. 2023ರಲ್ಲಿ ಕೇರಳದ ಯುವ ಕಾಂಗ್ರೆಸ್ ಚುನಾವಣೆಯಲ್ಲಿ ನಕಲಿ ಮತದಾರರ ಗುರುತಿನ ಚೀಟಿಗಳ ಆರೋಪ ಬಂದಾಗ ಪೊಲೀಸರು ಪ್ರಕರಣ ದಾಖಲಿಸಿದರು, ಬಂಧನಗಳೂ ಆದವು. ಮೇಲೆ ‘ತಪ್ಪು ಬಾಗಿಲು’ ಎಂದೆನಲ್ಲ, ಅದಕ್ಕೆ ಇಲ್ಲಿ ವಿನಾಯಿತಿ ಇದೆ: ಮತದಾರರ ಗುರುತಿನ ಚೀಟಿಯೇ ನಕಲಿ ಆಗಿದ್ದರೆ ಆ ಸಂಗತಿಯನ್ನು ಚುನಾವಣಾ ಆಯೋಗಕ್ಕೂ ತಿಳಿಸಿ, ಆ ಚೀಟಿ ಕೊಡುವವರು ಅವರೇ.

ಪಕ್ಷಗಳ ಒಳಗೂ ಪ್ರಜಾಪ್ರಭುತ್ವ ಇರಬೇಕೆಂದು, ಅದಕ್ಕೆ ಕಾನೂನು ತನ್ನಿ ಎಂದು ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಶಿಫಾರಸು ಮಾಡಿತು. ಕಾನೂನು ಮಾಡಬೇಕಾದವರು ಪಕ್ಷಗಳವರೇ, ಹಾಗಾಗಿ ಅದು ಆಗಿಲ್ಲ. ಆಗುವವರೆಗೆ ನಿಮ್ಮ ಕೈಲಾಗುವುದು ಒಂದಿದೆ. ಮುಂದಿನ ಸದಸ್ಯತ್ವ ಅಭಿಯಾನಕ್ಕೆ ಮುಖಂಡರು ನಿಮ್ಮ ಊರಿಗೆ ಬಂದಾಗ ಎಲ್ಲರ ಎದುರು ಕೇಳಿ: ನನ್ನ ಮತ ತಿರಸ್ಕರಿಸಿದರೆ ಕಾರಣ ಕೊಡುವವರು ಯಾರು, ಎಷ್ಟು ದಿನದಲ್ಲಿ ಕೊಡುತ್ತೀರಿ, ಬರೆದು ಕೊಡಿ. ಬರಹದಲ್ಲಿ ಉತ್ತರ ಸಿಗುವವರೆಗೆ ಶುಲ್ಕ ಕಟ್ಟಬೇಡಿ, ಗುರುತಿನ ಚೀಟಿಯ ಪ್ರತಿಯನ್ನೂ ಕೊಡಬೇಡಿ.